ಎಡ ಹಿಂಗಾಲು

ರಾತ್ರಿ ಎರಡಕ್ಕೆ ವ್ಯಾನು ನಿಲ್ಲಿಸಿ
ಎಂಜಿನ್ನು ಆರಿಸದೆ ಕಾಯುವುದು ನನ್ನ ಕೆಲಸ.
ನೆರಿಮಾದ ಆ ಗಲ್ಲಿ, ಎರಡನೆಯ ಮಹಡಿ,
ಬೀದಿಗೆಲ್ಲ ಒಂದೇ ಕಿಟಕಿಯ ಬೆಳಕು.
"ಆಯಿತು, ಇನ್ನೈದು ನಿಮಿಷ" ಎನ್ನುವರು ಒಯಿಕಾವಾ-ಸಾನ್.
ಅವರ ಆ ಐದು ನಿಮಿಷಗಳಲ್ಲಿ ನಾನು
ಡಬ್ಬಿ ಕಾಫಿ ಕುಡಿದೆ, ನಿದ್ದೆ ಮಾಡಿದೆ, ಎದ್ದೆ,
ಒಂದು ಮದುವೆಯನ್ನೂ ಮುರಿದುಕೊಂಡೆ.

ಟಿವಿಗೆ ಇನ್ನೂ ಬಣ್ಣ ಬಾರದಾಗ ಸೇರಿದವರು.
ಮೊದಲು, ಬೇರೆಯವರ ಎರಡು ಚಿತ್ರಗಳ ನಡುವಿನ ಚಿತ್ರ;
ಹಾಳೆಗಿಷ್ಟೆಂದು ಕೂಲಿ.
ಆಮೇಲೆ ಉಕ್ಕಿನ ದೈತ್ಯರು, ಬೇಸ್‌ಬಾಲ್ ಹುಡುಗರು,
ಒಂದು ವರ್ಷವಿಡೀ ಬರೀ ಹೊಗೆ.
ಕೆಲಸ ಕೊಟ್ಟ ಸ್ಟುಡಿಯೊಗಳಲ್ಲಿ ಮೂರು ದಿವಾಳಿಯೆದ್ದವು.
ಕೊನೆಯಲ್ಲಿ ಓಡುವ ಹೆಸರುಗಳಲ್ಲಿ ಅವರ ಹೆಸರು
ಹದಿನಾರು ಕಂತು ತಪ್ಪಾಗಿ ಬಂತು.
ತಿದ್ದಿಸಲಿಲ್ಲ. "ಆ ಮನುಷ್ಯನೂ ಬದುಕಿಕೊಳ್ಳಲಿ ಬಿಡು" ಎಂದರು.

ಕುದುರೆ ಬಂದರೆ ಮಾತ್ರ
ಎಲ್ಲರ ಬೆರಳೂ ಅವರತ್ತ.
ಕುದುರೆ ಎಂದರೆ ಸಾಕು, ನಮ್ಮ ಹುಡುಗರು
ತಮ್ಮ ಕಾಲಿಗೆ ಬುದ್ಧಿ ಹೇಳುತ್ತಾರೆ;
ನಾಲ್ಕು ಕಾಲಿಗೆ ಹೇಳುವವರಾರು?
ಅವರು ನೋಡಿ ಬರೆದದ್ದೇ ಇಲ್ಲ.
ಎಡಗೈ ಬೆರಳ ಸಂದಿಗೆ ಐದು ಹಾಳೆ,
ಪಟಪಟ ಮಗುಚುವರು,
ಗಾಜಿನಡಿಯ ದೀಪ ಗಲ್ಲಕ್ಕೆ ಹತ್ತುವುದು,
ಕುದುರೆ ನಡೆಯುವುದು.

ನಡೆಯುವುದು, ಆದರೆ
ಎಡ ಹಿಂಗಾಲು ಒಂದು ಚೌಕಟ್ಟು ತಡ.
ಸೆಕೆಂಡನ್ನು ಇಪ್ಪತ್ನಾಲ್ಕು ಹೋಳು ಮಾಡಿದರೆ ಒಂದು ಹೋಳು.
ನೋಡುವವರಿಗೆ ಕಾಣದು. ತಿದ್ದುವವರಿಗೆ ಕಂಡಿತು:
ಹಳದಿ ಹಾಳೆಯಲ್ಲಿ ಸರಿಯಾದ ಕಾಲು ಬರೆದು ಕಳಿಸಿದರು.
ಒಯಿಕಾವಾ-ಸಾನ್ ಅದಕ್ಕೆ ತಲೆಬಾಗಿ ವಂದಿಸಿ
ಚಹದ ಲೋಟದ ಕೆಳಗಿಟ್ಟರು.
ಸಮುರಾಯಿಯ ಕುದುರೆ, ರಾಜಕುಮಾರನ ಬಿಳಿ ಕುದುರೆ,
ಮಂಗಳ ಗ್ರಹದ ತಗಡಿನ ಕುದುರೆ,
ಎಲ್ಲಕ್ಕೂ ಅದೇ ಕಾಲು.

ಒಮ್ಮೆ, ರಬ್ಬರಿನ ಪುಡಿ ಊದುತ್ತಾ, ತಾವಾಗಿಯೇ ಹೇಳಿದರು.
ಇವಾತೆ. ಯುದ್ಧ ಮುಗಿಯುವ ಹಿಂದಿನ ವರ್ಷ. ಎಂಟು ವಯಸ್ಸು.
ಮನೆಗೂ ಲಾಯಕ್ಕೂ ಒಂದೇ ಸೂರು;
ಅವೊ ಎಂಬ ಕಪ್ಪು ಕುದುರೆ ಉಸಿರು ಬಿಟ್ಟರೆ
ಹಾಸಿಗೆಯಲ್ಲಿ ಕೇಳುವುದು.
ಸೇನೆಗೆ ಕುದುರೆ ಬೇಕೆಂದು ಓಲೆ ಬಂತು.
ಅಪ್ಪ ಬಾಲ ಬಾಚಿದ. ಅಜ್ಜಿ ಹುಲ್ಲಿಗೆ ಉಪ್ಪು ಬೆರೆಸಿದಳು.
ಹುಡುಗ ನಸುಕಿನಲ್ಲಿ ಲಾಯಕ್ಕೆ ಹೋಗಿ
ಕಾಲು ಎತ್ತಿಸಿ, ಗೊರಸಿಗೂ ಲಾಳಕ್ಕೂ ನಡುವೆ
ಹೊಳೆಯ ಕಲ್ಲೊಂದನ್ನು ತುರುಕಿದ.
ಕುಂಟುವ ಕುದುರೆ ಯಾರಿಗೆ ಬೇಕು?

ಬೇಕಾಯಿತು.
ಅಧಿಕಾರಿ ಹಲ್ಲು ನೋಡಿದ, ಕತ್ತಿಗೆ ಸಂಖ್ಯೆ ಕಟ್ಟಿದ.
ಗೂಡ್ಸ್ ರೈಲಿನ ತನಕ
ಅದು ಕುಂಟುತ್ತಲೇ ನಡೆಯಿತು.
"ಹೇಳಬೇಕಿತ್ತು. ಅಪ್ಪನ ಮುಖ ನೋಡಿ ಹೇಳಲಿಲ್ಲ."
ಪೆನ್ಸಿಲ್ ಹೆರೆದರು.
"ಇನ್ನೈದು ನಿಮಿಷ" ಎಂದರು.

ನಿಜವೋ, ತೂಕಡಿಸುವ ನನ್ನನ್ನು
ಎಚ್ಚರವಿಡಲು ಕಟ್ಟಿದ್ದೋ, ಕೇಳಲಿಲ್ಲ.

ಈಗ ಎಲ್ಲರೂ ಹೊಳೆಯುವ ಹಲಗೆಯ ಮೇಲೆ ಬರೆಯುತ್ತಾರೆ;
ಚಿತ್ರಗಳು ತಾವೇ ಹಾರಿ ಹೋಗುತ್ತವೆ, ವ್ಯಾನು ಬೇಡ.
ಕಾಗದಕ್ಕೆ ಉಳಿದವರು ಅವರೊಬ್ಬರು, ಎಂಬತ್ತೊಂಬತ್ತು.
ಅವರಿಗೆ ಉಳಿದವನು ನಾನು, ನರೆತ ತಲೆಯ ಡ್ರೈವರು.
ಮೊನ್ನೆ ಬಾಗಿಲು ತೆಗೆದದ್ದು ತಂಗಿಯ ಮಗಳು.
ಕಂದು ಲಕೋಟೆ ಕೈಗಿತ್ತಳು:
"ಮಲಗಿದ್ದಾರೆ. ಆಗಿದೆಯಂತೆ."
ಆಗಿದೆ! ನಲವತ್ತು ವರ್ಷದಲ್ಲಿ ಮೊದಲ ಸಲ.

ವ್ಯಾನಿನ ಒಳದೀಪದಲ್ಲಿ ಮಗುಚಿದೆ.
ಹಿಮ. ಮುದಿ ಕುದುರೆ. ಸವಾರನಿಲ್ಲ.
ಎಡ ಹಿಂಗಾಲು ಹೊತ್ತಿಗೆ ಸರಿಯಾಗಿ ಬಿತ್ತು.
ಮತ್ತೆ ಮಗುಚಿದೆ. ಸರಿಯಾಗಿಯೇ ಬಿತ್ತು.
ಕಲ್ಲು ತೆಗೆದರೋ,
ಕೈ ಸೋತು ಮರೆಯಿತೋ,
ಹಾಳೆಯೊಂದು ಮೇಜಿನಡಿ ಬಿದ್ದಿದೆಯೋ.
ಎಣಿಸಿದೆ. ಸಂಖ್ಯೆ ಸರಿಯಿತ್ತು.

ಮೇಲೆ ಕಿಟಕಿ ಕತ್ತಲು.
ಬೆಳಗಿನ ಐದಕ್ಕೆ ತಲುಪಿಸಬೇಕು.
ಎಂಜಿನ್ನು ಆರಿಸಿ
ಐದು ನಿಮಿಷ ಕಾದೆ.